ಬಸ್ಸಿನ ಮನೆಗೆ ಡಿಶ್ ಕೂರಿಸಿದ್ದು

ಸೂರಿನ ಮೇಲೆ ಹತ್ತಿ ಟೀವಿ ಡಿಶ್ ಕೂರಿಸುವುದು ನನ್ನ ಕೆಲಸ. ಕೊಳ್ಳೇಗಾಲದಲ್ಲಿ ಒಂದು ಸಣ್ಣ ಅಂಗಡಿ ಇದೆ. ಹನೂರು, ಯಳಂದೂರು ಕಡೆಯ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಿ ಬರುತ್ತೇನೆ. ಹೆಂಚಿನ ಮನೆ, ತಾರಸಿ ಮನೆ, ಶೀಟಿನ ಮನೆ, ರೇಷ್ಮೆಹುಳು ಸಾಕುವ ಕೊಟ್ಟಿಗೆ, ಎಲ್ಲದರ ಮೇಲೂ ಹತ್ತಿದ್ದೇನೆ. ಗಾಲಿ ಇರುವ ಮನೆಯ ಮೇಲೆ ಡಿಶ್ ಕೂರಿಸಿದ್ದು ಮಾತ್ರ ಒಂದೇ ಸಲ. ಅದನ್ನು ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೋಗಬೇಕಾದವರ ಮುಂದೆ ಅದು ಹೋಗಿಯೇ ಆಯಿತು. ಇನ್ನು ಬರೆಯಲು ಅಡ್ಡಿಯಿಲ್ಲ.

ಆ ಮನೆ ಯಳಂದೂರಿನಲ್ಲಿತ್ತು. ಅಂದರೆ, ನಿಂತಾಗ ಯಳಂದೂರಿನಲ್ಲಿರುತ್ತಿತ್ತು. ರಿಟೈರಾದ ಬಸ್ ಡ್ರೈವರೊಬ್ಬರು ಹಳೆಯದೊಂದು ಮಿನಿಬಸ್ಸು ಕೊಂಡು ಮನೆಯ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿದ್ದರು. ಹಿಂದೆ ಯಾವುದೋ ಶಾಲೆಯ ಮಕ್ಕಳನ್ನು ಹೊತ್ತ ಗಾಡಿ ಅದು. ಸೀಟು ಕೀಳಿಸಿ, ಹಳದಿ ಬಣ್ಣ ಉಜ್ಜಿಸಿ, ಒಳಗೆ ಇಬ್ಬರು ಮಲಗುವ ಮಂಚ, ಒಲೆ ಇಡಲು ಕಟ್ಟೆ, ಮೂಲೆಯಲ್ಲಿ ಚಿಕ್ಕ ಕಕ್ಕಸು ಮಾಡಿಸುತ್ತಿದ್ದರು. ಜನ ಬಂದು ನೋಡಿ ನಗುತ್ತಿದ್ದರು. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮಲೆ ಮಾದೇಶ್ವರ ಬೆಟ್ಟದ ರೂಟಿನಲ್ಲಿ, ತಮಿಳುನಾಡಿನ ಗಡಿಯ ರೂಟಿನಲ್ಲಿ ಬಸ್ಸು ಓಡಿಸಿ ಓಡಿಸಿ ಸುಸ್ತಾದ ಮನುಷ್ಯ ಮತ್ತೆ ಸ್ಟೇರಿಂಗು ಯಾಕೆ ಹಿಡಿಯುತ್ತೀರಿ ಅಂತ ನಾನೂ ಕೇಳಿದ್ದೆ.

"ಮೂವತ್ತೊರ್ಸ ದಾರಿ ನೋಡಿವ್ನಿ ಕಣಪ್ಪ, ಊರ ನೋಡಿಲ್ಲ" ಅಂದರು. ಟೈಮಿಗೆ ಸರಿಯಾಗಿ ಬಸ್ಸು ತೆಗೆಯಬೇಕಾದವನಿಗೆ ದಾರಿಯಲ್ಲಿ ಕಂಡ ಕೆರೆಯ ಹತ್ತಿರ ನಿಲ್ಲಲು ಎಲ್ಲಿ ಆಗುತ್ತದೆ? ಈಗ ಹೆಂಡತಿಯನ್ನು ಕರೆದುಕೊಂಡು ಹೋಗಿ ಒಂದೊಂದು ಕಡೆಯೂ ಬೇಕಾದಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಅವರ ಆಸೆ.

ಅವರ ಹೆಂಡತಿ ಅಂಗನವಾಡಿಯಲ್ಲಿ ಟೀಚರಾಗಿದ್ದವರು. ಮಂಡಿನೋವು. ಲಾಡ್ಜಿನ ಮೆಟ್ಟಿಲು ಹತ್ತಲಾಗದು, ಊರೂರಿನ ಕಕ್ಕಸಿನಲ್ಲಿ ಕೂರಲಾಗದು. ಅದಕ್ಕೇ ಈ ಗಾಡಿ. ಅವರು ಗಂಡನ ಎಲ್ಲ ಮಾತಿಗೂ ಒಪ್ಪಿ ಒಂದೇ ಒಂದು ಷರತ್ತು ಇಟ್ಟಿದ್ದರು. ಎಲ್ಲಿ ನಿಂತರೂ ಸರಿ, ಕ್ರಿಕೆಟ್ ಮ್ಯಾಚಿನ ದಿನ ತನಗೆ ಟೀವಿ ಬರಬೇಕು. ಧಾರಾವಾಹಿ ಅಂದಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲವೇನೋ. ಅವರಿಗೆ ಬೇಕಿದ್ದದ್ದು ಕ್ರಿಕೆಟ್ಟೇ. ಯಾವ ಬೌಲರ್ ಯಾವ ಕೈಯಲ್ಲಿ ಹಾಕುತ್ತಾನೆ ಅಂತ ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಡ್ರೈವರಣ್ಣನಿಗೆ ಆಟದ ಗಂಧವೇ ಇಲ್ಲ.

ನನ್ನನ್ನು ಆ ಕೆಲಸಕ್ಕೆ ಕರೆಸಿದವರು ಆಚಾರಿ. ಧನಗೆರೆಯವರು. ನನ್ನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಅವರ ಮರಗೆಲಸದ ಶೆಡ್ಡು. ನನಗಿಂತ ಹದಿನೈದು ವರ್ಷ ದೊಡ್ಡವರು. ಬಸ್ಸಿನ ಒಳಗಿನ ಮರದ ಕೆಲಸವೆಲ್ಲ ಅವರದು. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಯಳಂದೂರಿಗೆ ಹೋಗಿ ಬರುತ್ತಿದ್ದರು. ಡಿಶ್ಶಿನ ಮಾತು ಬಂದಾಗ, ನಮ್ಮ ಪಕ್ಕದಲ್ಲೇ ಒಬ್ಬನಿದ್ದಾನೆ, ಕೈ ಚೊಕ್ಕ, ಅವನನ್ನೇ ಕರೆಸಿ ಅಂತ ಹೇಳಿದ್ದರಂತೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಟೀ, ಸಂಜೆ ಒಂದು ಟೀ, ಇಷ್ಟು ನಮ್ಮಿಬ್ಬರ ಸ್ನೇಹ. ಅದು ಬಹಳ ವರ್ಷದ್ದು.

ಮನೆಯ ಮೇಲೆ ಡಿಶ್ ಕೂರಿಸುವುದು ಸುಲಭ. ಆಗ್ನೇಯ ದಿಕ್ಕಿಗೆ ಮುಖ ಮಾಡಿ, ಮೀಟರಿನಲ್ಲಿ ಸಿಗ್ನಲ್ ನೋಡಿಕೊಂಡು ಅಷ್ಟಿಷ್ಟು ಆಡಿಸಿ, ಬೋಲ್ಟು ಬಿಗಿದರೆ ಮುಗಿಯಿತು. ಮನೆ ಅಲ್ಲಾಡುವುದಿಲ್ಲ. ಗಾಡಿ ಹಾಗಲ್ಲ. ಇವತ್ತು ಅಜ್ಜೀಪುರದಲ್ಲಿ ಒಂದು ಮುಖ ಮಾಡಿ ನಿಂತಿದ್ದರೆ ನಾಳೆ ಬಿಳಿಗಿರಿರಂಗನ ಬೆಟ್ಟದ ಕೆಳಗೆ ಇನ್ನೊಂದು ಮುಖ. ನಿಂತಲ್ಲೆಲ್ಲ ಡಿಶ್ಶನ್ನು ಮತ್ತೆ ತಿರುಗಿಸಬೇಕು, ಓಡುವಾಗ ಮಲಗಿಸಬೇಕು. ಮಂಡಿನೋವಿನ ಟೀಚರಮ್ಮನಾಗಲಿ, ಅರವತ್ತು ದಾಟಿದ ಡ್ರೈವರಣ್ಣನಾಗಲಿ ಪ್ರತಿಸಲ ಏಣಿ ಹಾಕಿಕೊಂಡು ಮೇಲೆ ಹತ್ತುವ ಹಾಗಿಲ್ಲ.

ನಾನು ಮೂರು ದಿನ ಯೋಚನೆ ಮಾಡಿ ಒಂದು ಉಪಾಯ ಹುಡುಕಿದೆ. ಡಿಶ್ಶಿನ ಕಂಬವನ್ನೇ ಬಸ್ಸಿನ ಚಾವಣಿ ಕೊರೆದು ಒಳಗೆ ಇಳಿಸುವುದು. ಮಂಚದ ತಲೆಯ ಕಡೆ ಕಂಬದ ತುದಿಗೆ ಒಂದು ಹಿಡಿ. ಹಿಡಿ ತಿರುಗಿಸಿದರೆ ಮೇಲೆ ಡಿಶ್ ತಿರುಗಬೇಕು, ಕೆಳಕ್ಕೆಳೆದರೆ ಮಲಗಬೇಕು. ಲೇತ್ ಅಂಗಡಿಯಲ್ಲಿ ಕೂತು ಪೈಪು, ಬೇರಿಂಗು, ರಬ್ಬರಿನ ಬಳೆ ಎಲ್ಲ ಹೊಂದಿಸಿದೆ. ಸಣ್ಣ ಬ್ಯಾಟರಿಯಲ್ಲಿ ಓಡುವ ಟೀವಿಯನ್ನೂ ತರಿಸಿದೆ. ಇಂಥದ್ದನ್ನು ಈ ಕಡೆ ಯಾರೂ ಮಾಡಿರಲಿಲ್ಲ. ನನಗೆ ಜಂಬ ಬಂದಿತ್ತು. ಮುಂದೆ ಆದದ್ದಕ್ಕೆಲ್ಲ ಆ ಜಂಬವೂ ಒಂದು ಕಾರಣ.

ಗೌರಿಹಬ್ಬಕ್ಕೆ ವಾರವಿದ್ದಾಗ ಕೂರಿಸಲು ಹೋದೆ. ಆ ಹೊತ್ತಿಗೆ ಆಚಾರಿ ಒಳಚಾವಣಿಗೆ ಪ್ಲೈವುಡ್ ಹೊಡೆದು ಮುಗಿಸಿದ್ದರು. ಹೊರಗಿನ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಕಬ್ಬಿಣದ ಅಡ್ಡಪಟ್ಟಿಗಳಿದ್ದವು. ಅವು ಎಲ್ಲೆಲ್ಲಿವೆ ಅಂತ ಮೇಲಿಂದ ಕಾಣುತ್ತಿರಲಿಲ್ಲ, ಆಚಾರಿಗೆ ಮಾತ್ರ ಗೊತ್ತಿತ್ತು. ಅವರಿಗೆ ಅವತ್ತು ಕೀಲು ತರಲು ಕೊಳ್ಳೇಗಾಲಕ್ಕೆ ಹೋಗಬೇಕಿತ್ತು. ಹೊರಡುವಾಗ ನನಗೆ ಹೇಳಿದರು: "ನಾ ಬರಗಂಟ ಮ್ಯಾಗ್ಲಿಂದ ಕೊರಿಬ್ಯಾಡ ಕಣ್ಲಾ. ಒಂದ್ ಅಲಗೆ ಬಿಚ್ಚಿ ಜಾಗ ತೋರ್ಸ್ತೀನಿ."

ಅವರು ಬಸ್ಸು ಹತ್ತಿ ಹೋಗಿ ಒಂದು ಗಂಟೆಯಾಯಿತು. ಹನೂರಿನ ಒಂದು ಹೋಟೆಲಿನವರು ಸಂಜೆಯೊಳಗೆ ಬಂದು ಟೀವಿ ರಿಪೇರಿ ಮಾಡಿಕೊಡು ಅಂತ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಹದಿನೇಳು ವರ್ಷದಿಂದ ಸೂರು ಕೊರೆದವನಿಗೆ ಒಂದು ಬಸ್ಸಿನ ತಗಡು ಕೊರೆಯಲು ಇನ್ನೊಬ್ಬರು ಬಂದು ಜಾಗ ತೋರಿಸಬೇಕೇ ಅನ್ನಿಸಿತು. ಮೇಲೆ ಹತ್ತಿ, ಬೆರಳಿನಿಂದ ತಗಡು ತಟ್ಟಿ ಸದ್ದು ಕೇಳಿ, ಇಲ್ಲೇ ಇರಲಿ ಅಂತ ಡ್ರಿಲ್ ಇಟ್ಟೆ. ತಗಡು ದಾಟಿದ ಕೂಡಲೇ ಡ್ರಿಲ್ಲಿನ ಮೊನೆ ಅಡ್ಡಪಟ್ಟಿಗೆ ತಾಗಿ ಕಿರ್ ಅಂದು ಜಾರಿತು. ನೋಡಿದರೆ ಪೆನ್ಸಿಲ್ ತೂರುವಷ್ಟು ಒಂದು ತೂತು, ಅಂಚೆಲ್ಲ ಹರಿದಿತ್ತು. ಒಳಗೆ ಪ್ಲೈವುಡ್ಡಿಗೆ ಏನೂ ಆಗಿರಲಿಲ್ಲ, ಒಳಗಿನಿಂದ ಏನೂ ಕಾಣುತ್ತಿರಲಿಲ್ಲ.

ನಾಲ್ಕು ಬೆರಳು ಆಚೆ ಸರಿದು ಮತ್ತೆ ಕೊರೆದೆ. ಈ ಸಲ ಸರಿಯಾಯಿತು. ಕಂಬ ಇಳಿಸಿ, ಸುತ್ತ ರಬ್ಬರು ಕೂರಿಸಿ, ನೀರು ಇಳಿಯದ ಹಾಗೆ ಪೇಸ್ಟು ಬಳಿಯುತ್ತಾ ಹೋದಾಗ ಟ್ಯೂಬು ಖಾಲಿಯಾಯಿತು. ತಪ್ಪು ತೂತಿಗೆ ಉಳಿದದ್ದು ಒಂದು ಹನಿ. ಅದನ್ನೇ ಸವರಿ, ಮೇಲೆ ಕರೆಂಟ್ ಟೇಪಿನ ಒಂದು ತುಂಡು ಅಂಟಿಸಿ, ಬೆಳ್ಳಿ ಬಣ್ಣ ಹಚ್ಚಿದೆ. ನಾಳೆ ಹೊಸ ಟ್ಯೂಬು ತಂದು ಸರಿಯಾಗಿ ಮುಚ್ಚುತ್ತೇನೆ ಅಂದುಕೊಂಡೆ. ಆಚಾರಿ ಬಂದಾಗ ಈ ತೂತಿನ ವಿಷಯ ಹೇಳಲಿಲ್ಲ. ಹೇಳಿದರೆ ತಡಿ ಅಂದಿದ್ದೆನಲ್ಲ ಅನ್ನುತ್ತಾರೆ, ಡ್ರೈವರಣ್ಣನ ಮುಂದೆ ಅನ್ನುತ್ತಾರೆ ಅಂತ ನಾಚಿಕೆ. ಅವರು ಕಂಬ ಸರಿಯಾದ ಜಾಗದಲ್ಲೇ ಇಳಿದಿರುವುದನ್ನು ನೋಡಿ, ನಾನಿಲ್ಲದೆ ಹೇಗೆ ಕಂಡುಹಿಡಿದೆ ಅಂತ ಮೆಚ್ಚಿಕೊಂಡರು. ಆ ಮೆಚ್ಚುಗೆಯನ್ನೂ ನಾನು ಜೇಬಿಗೆ ಹಾಕಿಕೊಂಡೆ.

ಟೀಚರಮ್ಮ ಮಂಚದ ಮೇಲೆ ಕೂತು ಹಿಡಿ ತಿರುಗಿಸಿದರು. ಮೀಟರು ಕುಂಯ್ ಕುಂಯ್ ಅನ್ನುತ್ತಿದ್ದದ್ದು ನಿಧಾನವಾಗಿ ಒಂದೇ ದನಿಯಾಯಿತು. ಟೀವಿಯಲ್ಲಿ ಹಸಿರು ಮೈದಾನ ಬಂತು. ಅವರು ಹಿಡಿ ಬಿಡದೆ ಹಾಗೇ ನೋಡುತ್ತಾ ಕೂತರು. ಆಮೇಲೆ ಗಂಡನಿಗೆ, ಇನ್ನು ಎಲ್ಲಿಗೆ ಬೇಕಾದರೂ ಹೋಗೋಣ ಅಂದರು. ಅವರ ಮುಖದಲ್ಲಿದ್ದ ಸಂತೋಷ ನನಗೆ ಈಗಲೂ ನೆನಪಿದೆ. ಅದು ನೆನಪಾದರೆ ಮಿಕ್ಕದ್ದೂ ನೆನಪಾಗುತ್ತದೆ.

ಮಾರನೆಯ ದಿನ ನಾನು ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಹಬ್ಬದ ಮುಂದೆ ಕೆಲಸ ಜಾಸ್ತಿ. ಹಬ್ಬವಾದ ಮೇಲೆ ಅವರು ಗಾಡಿ ಹೊರಡಿಸಿಬಿಟ್ಟಿದ್ದರು. ಟೀಚರಮ್ಮ ಹೋದಲ್ಲಿಂದೆಲ್ಲ ಫೋನ್ ಮಾಡುತ್ತಿದ್ದರು. ಗುಂಡಾಲ್ ಅಣೆಕಟ್ಟಿನ ಹತ್ತಿರ ಒಂದೇ ಸಲಕ್ಕೆ ಪಿಚ್ಚರ್ ಬಂತು, ಬೆಟ್ಟದ ಹತ್ತಿರ ಮರ ಅಡ್ಡ ಬಂದು ಗಾಡಿ ಸ್ವಲ್ಪ ಮುಂದಕ್ಕೆ ತೆಗೆಸಿದೆ, ಅಜ್ಜೀಪುರದ ನೆಂಟರ ಹೊಲದಲ್ಲಿ ಟೀವಿಯನ್ನು ಬಾಗಿಲಿಗೆ ತಿರುಗಿಸಿ ಇಟ್ಟರೆ ಅರ್ಧ ಊರೇ ಬಂದು ಕೂತು ಮ್ಯಾಚು ನೋಡಿತು, ಹೀಗೆ. ನಾನು ಆಚಾರಿಗೆ ಟೀ ಕುಡಿಯುವಾಗ ಇದನ್ನೆಲ್ಲ ಹೇಳುತ್ತಿದ್ದೆ. ಅವರೂ ಖುಷಿ ಪಡುತ್ತಿದ್ದರು. ಆ ತೂತು ಬಿಸಿಲಿಗೂ ಗಾಳಿಗೂ ಬಿಚ್ಚಿಕೊಳ್ಳುತ್ತಿದೆ ಅಂತ ನನಗೆ ಹೊಳೆಯಲಿಲ್ಲ ಅಂದರೆ ಸುಳ್ಳು. ಹೊಳೆದಿತ್ತು, ಒಂದೆರಡು ಸಲ.

ಚಿತ್ತೆ ಮಳೆ ಆ ವರ್ಷ ಬಿಟ್ಟೂ ಬಿಡದೆ ಹಿಡಿಯಿತು. ಅವರ ಗಾಡಿ ಮತ್ತೆ ಅಜ್ಜೀಪುರದಲ್ಲಿತ್ತು. ನೀರು ತೂತಿನಿಂದ ಇಳಿದು, ಅಡ್ಡಪಟ್ಟಿಯ ಗುಂಟ ಹರಿದು, ಮಂಚದ ಮೇಲಿನ ಪ್ಲೈವುಡ್ಡಿನ ಬೆನ್ನಿಗೆ ನಿಂತಿದೆ. ಹಲಗೆ ಒಳಗೊಳಗೇ ಊದಿಕೊಂಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಟೀಚರಮ್ಮ ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಹಲಗೆ ಮೊಳೆ ಸಮೇತ ಕಳಚಿ ಬಿತ್ತು. ತಲೆಗೆ ಬೀಳುವುದು ತಪ್ಪಿತು. ತಡೆಯಲು ಎತ್ತಿದ ಎಡಗೈ ಮಣಿಕಟ್ಟು ಮುರಿಯಿತು.

ಎರಡು ದಿನದ ಮೇಲೆ ಡ್ರೈವರಣ್ಣ ಗಾಡಿ ವಾಪಸು ತಂದು, ನಮ್ಮಿಬ್ಬರಿಗೂ ಫೋನ್ ಮಾಡಿ ಯಳಂದೂರಿಗೆ ಬರಹೇಳಿದರು. ಆಚಾರಿಯನ್ನು ಕೇಳುವುದಕ್ಕೆ ಕರೆದದ್ದು, ನನ್ನನ್ನು ನಿಂತುಹೋದ ಟೀವಿ ನೋಡುವುದಕ್ಕೆ. ನನ್ನ ಬೈಕಿನಲ್ಲೇ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಆಚಾರಿ ಒಂದೇ ಮಾತು ಹೇಳುತ್ತಿದ್ದರು, ನಾನು ಹಾಕಿದ್ದು ಒಣಗಿದ ಹಲಗೆ, ನನ್ನ ಮೊಳೆ ಹಾಗೆ ಬಿಡುವುದಿಲ್ಲ ಅಂತ.

ಮನೆಯ ಮುಂದೆ ಆ ಹಲಗೆಯನ್ನು ಜಗಲಿಗೆ ಒರಗಿಸಿ ಇಟ್ಟಿದ್ದರು. ಕಪ್ಪಗೆ ಬೂಷ್ಟು ಹಿಡಿದು ಪದರ ಪದರ ಬಿಟ್ಟುಕೊಂಡಿತ್ತು. ಟೀಚರಮ್ಮ ಕೈಗೆ ಪಟ್ಟು ಹಾಕಿಸಿಕೊಂಡು ಒಳಗೆ ಕೂತಿದ್ದರು, ಬಾಗಿಲಲ್ಲಿ ಕಾಣುತ್ತಿದ್ದರು, ಎದ್ದು ಬರಲಿಲ್ಲ. ಯಾವಾಗಲೂ ಹೋದ ಕೂಡಲೇ ನೀರು ಕೊಡುತ್ತಿದ್ದ ಮನೆ ಅದು. ಡ್ರೈವರಣ್ಣ ಜೋರು ಮಾತಾಡುವವರಲ್ಲ. ಅವತ್ತು ಅವರು ತಗ್ಗಿದ ದನಿಯಲ್ಲೇ, ನಂಬಿ ಕೆಲಸ ಕೊಟ್ಟೆ, ಹಸಿ ಹಲಗೆ ಹೊಡೆದು ನನ್ನ ಹೆಂಡತಿಯ ಕೈ ಮುರಿದೆ ಅಂದರು. ಆಚಾರಿ ಹಲಗೆ ಮುಟ್ಟಿದರು, ತಟ್ಟಿದರು, ಮೂಗಿನ ಹತ್ತಿರ ಹಿಡಿದರು. ಇದು ಹಸಿ ಹಲಗೆಯಲ್ಲ, ಮೇಲಿಂದ ನೀರು ಇಳಿದಿದೆ ಅಂದರು. ಅವರಿಗೆ ಬೆನ್ನುನೋವು, ಏಣಿ ಹತ್ತಲಾಗುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ಮ್ಯಾಕತ್ತಿ ನೋಡ್ಲಾ, ಎಲ್ಲಿಂದ ಇಳೀತದ ಅಂತವ" ಅಂದರು.

ಹತ್ತಿದೆ. ಟೇಪು ಇರಲೇ ಇಲ್ಲ. ಬಣ್ಣ, ಪೇಸ್ಟು ಒಣಗಿದ ಗಾಯದ ಹಕ್ಕಳೆಯ ಹಾಗೆ ಎದ್ದು, ತೂತು ಬಾಯಿ ಬಿಟ್ಟುಕೊಂಡಿತ್ತು. ಸುತ್ತ ತುಕ್ಕಿನ ಗೆರೆ. ನಾನು ಡಿಶ್ಶಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಕೆಳಗೆ ಇಬ್ಬರೂ ಕಾಯುತ್ತಿದ್ದರು. ಚೀಲದಲ್ಲಿ ಹೊಸ ಪೇಸ್ಟಿನ ಟ್ಯೂಬಿತ್ತು. ತೆಗೆದೆ, ತೂತಿನ ತುಂಬ ಒತ್ತಿದೆ, ಬೆರಳಿನಿಂದ ನುಣುಪು ಮಾಡಿದೆ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಆಮೇಲೆ ಬಗ್ಗಿ ನೋಡಿ ಹೇಳಿದೆ:

"ಏನಿಲ್ಲ ಕಣಣ್ಣ. ಪೈಪಿನ ರಬ್ಬರು ಗಟ್ಟಿಯಾಗೇ ಅದ."

ಎರಡನೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ರಬ್ಬರು ಗಟ್ಟಿಯಾಗೇ ಇತ್ತು. ಅದನ್ನು ಹಾಗೆ ಜೋಡಿಸಿ ಹೇಳಲು ನನಗೆ ಎಷ್ಟು ಬೇಗ ತಿಳಿಯಿತು ಅನ್ನುವುದೇ ನನಗೆ ಹೆದರಿಕೆ.

ಆಚಾರಿ ಇನ್ನೊಂದು ಸಲ ಮೇಲೆ ನೋಡಿದರು. ನನ್ನನ್ನು ಅನುಮಾನಿಸಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ. ತಲೆ ಬಗ್ಗಿಸಿ, ಎಲ್ಲ ಹಲಗೆಯನ್ನೂ ಬಿಚ್ಚಿ ಹೊಸದು ಹಾಕಿಕೊಡುತ್ತೇನೆ ಅಂದರು. ಒಂದು ವಾರ ಬಂದು ತಮ್ಮ ಕೈಯಿಂದಲೇ ದುಡ್ಡು ಹಾಕಿ ಮಾಡಿಕೊಟ್ಟರು. ತೂತಿನ ಕೆಳಗೇ ಅಡ್ಡಪಟ್ಟಿ ಇದ್ದದ್ದರಿಂದ ಹಲಗೆ ಬಿಚ್ಚಿದಾಗಲೂ ಅವರಿಗೆ ಅದು ಕಾಣಲಿಲ್ಲ. ಆ ಒಂದು ವಾರವೂ ಆ ಮನೆಯವರು ಅವರ ಹತ್ತಿರ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಾಡಲಿಲ್ಲವಂತೆ. ತೂತು ಮುಚ್ಚಿದ್ದೆನಲ್ಲ, ಮುಂದಿನ ಮಳೆಗೆ ಒಂದು ಹನಿಯೂ ಇಳಿಯಲಿಲ್ಲ. ಹೊಸ ಹಲಗೆ ಹಾಕಿದ ಮೇಲೆ ಸರಿಹೋಯಿತು, ಹಾಗಾದರೆ ಹಳೆಯ ಹಲಗೆಯದೇ ದೋಷ ಅಂತ ಎಲ್ಲರಿಗೂ ಖಾತ್ರಿಯಾಯಿತು. ಆಚಾರಿಗೂ ಖಾತ್ರಿಯಾಯಿತು.

ನಾನು ಊಹಿಸದೆ ಇದ್ದದ್ದು ಇದು. ಯಾರೋ ಎರಡು ಮಾತು ಬೈದಾರು, ಅವರು ಎರಡು ದಿನ ಬೇಜಾರು ಪಟ್ಟಾರು, ಮರೆತುಹೋಗುತ್ತದೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಟೀ ಕುಡಿಯುವಾಗ ಅವರು, ಕೆಲವು ವರ್ಷದ ಹಿಂದೆ ಎಲ್ಲರಿಗೂ ಬಂದ ಆ ಜ್ವರ ತಮಗೂ ಬಂದಿತ್ತಲ್ಲ, ಆವಾಗ ಹೋದ ವಾಸನೆ ಪೂರ್ತಿ ವಾಪಸು ಬಂದಿಲ್ಲ ಅಂತ ಹೇಳಿದರು. ಮರ ಒಣಗಿದೆಯೋ ಇಲ್ಲವೋ ಅನ್ನುವುದನ್ನು ಅವರು ಮೂಗಿನಿಂದ ತಿಳಿಯುತ್ತಿದ್ದವರು. ಅವತ್ತು ಯಳಂದೂರಲ್ಲಿ ಹಲಗೆ ಮೂಸಿದಾಗಲೂ ತನಗೆ ಏನೂ ಗೊತ್ತಾಗಲಿಲ್ಲ, ಗೊತ್ತಾದ ಹಾಗೆ ಮಾತಾಡಿದೆ ಅಂದರು. ಆಮೇಲೆ ಮೆಲ್ಲಗೆ, "ನನ್ ಕೈ ಮ್ಯಾಲೆ ನನ್ಗೇ ನಂಬ್ಕೆ ಓಯ್ತು ಕಣ್ಲಾ" ಅಂದರು.

ಆಗ ಹೇಳಬಹುದಿತ್ತು. ಟೀ ಲೋಟ ಕೆಳಗಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ ಬಿಡಣ್ಣ ಅಂದೆ.

ಅವರು ದೊಡ್ಡ ಕೆಲಸ ಒಪ್ಪುವುದನ್ನು ಬಿಟ್ಟರು. ಹನೂರಿನಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಬಾಗಿಲು, ಕಿಟಕಿ ಎಲ್ಲ ನೀವೇ ಮಾಡಬೇಕು ಅಂತ ಹುಡುಕಿಕೊಂಡು ಬಂದರೆ, ಬೇರೆಯವರ ಹೆಸರು ಹೇಳಿ ಕಳಿಸಿದರು. ಮಣೆ, ಲಟ್ಟಣಿಗೆ, ಗುದ್ದಲಿಗೆ ಕಾವು, ಮಂಚದ ಕಾಲು, ಇಂಥವೇ ಸಾಕು ಅಂದರು. ನಾನು ಸುಮ್ಮನಿರಲಾರದೆ ಗಿರಾಕಿಗಳನ್ನು ಅವರ ಶೆಡ್ಡಿಗೆ ಕಳಿಸತೊಡಗಿದೆ. ಅವರ ಮನೆಯ ಹಳೆಯ ಡಿಶ್ ತೆಗೆದು ಹೊಸದು ಹಾಕಿಕೊಟ್ಟೆ. ಅವರ ಹೆಂಡತಿ, ನಮ್ಮ ಮೇಲೆ ಎಷ್ಟು ಪ್ರೀತಿ ಇವನಿಗೆ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದರು. ನನಗೆ ಅವರ ಮನೆಯ ಕಡೆ ಹೋಗುವುದೇ ಕಷ್ಟವಾಯಿತು. ಟೀಗೆ ಕರೆದರೆ ಕೆಲಸ ಇದೆ ಅನ್ನುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ, ಯಾಕೆ ಊಟ ಸೇರುತ್ತಿಲ್ಲ ಅಂತ ಕೇಳಿದರೆ ಅವಳಿಗೂ ಹೇಳಲಿಲ್ಲ.

ಹೀಗೇ ಹತ್ತು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಆಚಾರಿ ಅಂಗಡಿಗೆ ಬಂದರು. ಕೈಯಲ್ಲಿ ಗೋಣಿಚೀಲ. ಚೀಲ ನೆಲಕ್ಕೆ ಹಾಸಿ, ಒಳಗಿದ್ದ ಸಾಮಾನನ್ನು ಒಂದೊಂದಾಗಿ ಅದರ ಮೇಲೆ ಜೋಡಿಸಿದರು. ಉಳಿ ಏಳು, ಕೀಸುಳಿ ಮೂರು, ಮೂಲೆಮಟ್ಟ, ಬೈರಿಗೆ, ಅವರಪ್ಪನ ಕಾಲದ ಒಂದು ಕೊಡತಿ. ಮೊಬೈಲಲ್ಲಿ ಫೋಟೋ ಹಾಕಿದರೆ ಯಾರಾದರೂ ಕೊಳ್ಳುತ್ತಾರಂತಲ್ಲ, ನಿನಗೆ ಅದೆಲ್ಲ ಗೊತ್ತು, ಹಾಕಿಕೊಡು ಅಂದರು. ಶೆಡ್ಡು ಖಾಲಿ ಮಾಡುತ್ತೇನೆ ಅಂದರು.

ನಾನು ಫೋನ್ ತೆಗೆದು ಫೋಟೋ ಹೊಡೆಯಲು ಶುರು ಮಾಡಿದೆ. ಅವರು ಒಂದೊಂದು ಉಳಿಯನ್ನೂ ಪಂಚೆಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಹೀಗಿದ್ದರೆ ಚೆನ್ನಾಗಿ ಕಾಣುತ್ತದೆ ಅಂತ ತಿರುಗಿಸಿ ಇಡುತ್ತಿದ್ದರು. ನಾಲ್ಕನೆಯ ಫೋಟೋ ಹೊಡೆಯಲಿಲ್ಲ. ಫೋನ್ ಮೇಜಿನ ಮೇಲಿಟ್ಟು ಅವರ ಎದುರು ನೆಲದ ಮೇಲೆ ಕೂತೆ.

"ಅಣ್ಣ, ಅವತ್ತು ಮ್ಯಾಲೆ ತೂತಿತ್ತು. ನಾನೇ ಕೊರ್ದಿದ್ದು."

ಅವರಿಗೆ ಮೊದಲು ತಿಳಿಯಲಿಲ್ಲ. ನಾನು ಎಲ್ಲ ಹೇಳಿದೆ. ಕಾಯದೆ ಕೊರೆದದ್ದು, ಡ್ರಿಲ್ ಜಾರಿದ್ದು, ಟೇಪು ಅಂಟಿಸಿದ್ದು, ಅವತ್ತು ಮೇಲೆ ಕೂತು ಪೇಸ್ಟು ಒತ್ತಿದ್ದು. ಅವರು ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ತೂತು ಎಷ್ಟು ದಪ್ಪದ್ದು ಅಂತ ಕೇಳಿದರು. ಕಂಬದಿಂದ ಎಷ್ಟು ದೂರ ಅಂತ ಕೇಳಿದರು. ಗೋಣಿಚೀಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ನೀರು ಇಲ್ಲಿ ಬಿದ್ದು, ಹೀಗೆ ಹರಿದು, ಇಲ್ಲಿ ನಿಂತಿರಬೇಕು ಅಂತ ತಮಗೆ ತಾವೇ ಹೇಳಿಕೊಂಡರು. ಮತ್ತೆ ಮೊದಲಿಂದ ಎಳೆದರು. ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಸಾಮಾನನ್ನೆಲ್ಲ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು.

"ಅವ್ರಿಗೆ ಏಳು," ಅಂದರು. "ನನ್ ಮುಂದೆ ಏಳು."

ಬೈಕು ತೆಗೆದೆ. ಅವರು ಕೂರಲಿಲ್ಲ. ಬಸ್ಸಿನಲ್ಲಿ ಬರುತ್ತೇನೆ ಅಂತ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನೂ ಬೈಕು ಬಿಟ್ಟು ಹಿಂದೆ ನಡೆದೆ. ಯಳಂದೂರಿನ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಊರು ಬರುವವರೆಗೂ ಅವರ ಕತ್ತಿನ ಹಿಂಭಾಗ ನೋಡುತ್ತಾ ಕೂತಿದ್ದೆ.

ಡ್ರೈವರಣ್ಣ ಗಾಡಿಯ ಗಾಲಿಗೆ ಗಾಳಿ ಹಿಡಿಸಿಕೊಂಡು ಬಂದು ನಿಲ್ಲಿಸುತ್ತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಹುಬ್ಬು ಗಂಟಿಕ್ಕಿದರು. ಟೀಚರಮ್ಮ ಜಗಲಿಗೆ ಬಂದರು. ನಾನು ನಿಂತಲ್ಲೇ ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮಧ್ಯದಲ್ಲಿ ನಾನು ಹನೂರಿನ ಹೋಟೆಲಿನವರ ಅವಸರವನ್ನು ಹೇಳಹೊರಟಾಗ ಆಚಾರಿ ನನ್ನ ಕಡೆ ನೋಡಿದರು. ಅದನ್ನು ಬಿಟ್ಟೆ.

ಡ್ರೈವರಣ್ಣ ಏಣಿ ತಂದು ಹಾಕಿ ತಾವೇ ಹತ್ತಿದರು. ಬೇಡ ಅಂದರೂ ಕೇಳಲಿಲ್ಲ. ಮೇಲೆ ಅವರು ಉಗುರಿನಿಂದ ಪೇಸ್ಟು ಕೆರೆಯುವ ಸದ್ದು ಕೇಳಿಸಿತು. ಇಳಿದು ಬಂದವರು ನನ್ನ ಹತ್ತಿರ ಬರಲಿಲ್ಲ, ಆಚಾರಿಯ ಹತ್ತಿರ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಟೀಚರಮ್ಮ ತಮ್ಮ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಒಂದು ವಾರ ಬಿಸಿಲಲ್ಲಿ ಕೆಲ್ಸ ಮಾಡುದ್ರಿ," ಅಂತ ಆಚಾರಿಗೆ ಹೇಳಿದರು. "ಒಂದ್ ಲೋಟ ನೀರ್ ಕೊಡ್ನಿಲ್ಲ ನಾನು."

ಆಮೇಲೆ ನನ್ನ ಕಡೆ ತಿರುಗಿ, ಕೈ ಮುರಿದದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಕೆಲಸದಲ್ಲಿ ತಪ್ಪಾಗುತ್ತದೆ, ಆದರೆ ಒಬ್ಬ ಒಳ್ಳೆಯ ಮನುಷ್ಯನಿಗೆ ನನ್ನ ಮನೆಯಲ್ಲಿ ನನ್ನ ಕೈಯಿಂದ ಅವಮಾನ ಮಾಡಿಸಿದೆಯಲ್ಲ, ಅದನ್ನು ನಾನು ಎಲ್ಲಿಗೆ ಕೊಂಡೊಯ್ಯಲಿ ಅಂತ ಕೇಳಿದರು. ಅಂಗನವಾಡಿಯ ಮಕ್ಕಳನ್ನು ಕೇಳುವ ಹಾಗೆ ಸಮಾಧಾನವಾಗಿಯೇ ಕೇಳಿದರು. ತಲೆ ತಗ್ಗಿಸಿ ನಿಂತೆ. ಅವರು ಒಳಗೆ ಹೋಗಿ ಕಾಫಿ ಮಾಡಿ ತಂದರು. ನನಗೂ ತಂದರು. ಕೊಡದೇ ಇದ್ದಿದ್ದರೆ ವಾಸಿಯಿತ್ತು.

ಆ ತೂತನ್ನು ವೆಲ್ಡಿಂಗ್ ಮಾಡಿಸಬೇಕು ಅಂತ ಆಚಾರಿ ಹೇಳಿದರು. ಮಾರನೆಯ ದಿನ ವೆಲ್ಡರನ್ನು ನಾನೇ ಕರೆದುಕೊಂಡು ಹೋದೆ. ಆಚಾರಿ ಒಳಗಿನ ಹಲಗೆ ಬಿಚ್ಚಿ, ಪಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆಂಕಿಯ ಕಿಡಿ ಮರಕ್ಕೆ ತಾಗದ ಹಾಗೆ ನೋಡಿಕೊಂಡರು. ಬಿಚ್ಚಿದ ಹಲಗೆಯನ್ನು ವಾಪಸು ಹಾಕುವಾಗ ಅವರ ಕೈ ಹಿಂದಿನ ಹಾಗೇ ಓಡುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಅನ್ನಲೂ ನಾಚಿಕೆ. ಕೆಲಸ ಮುಗಿದ ಮೇಲೆ ಡ್ರೈವರಣ್ಣ, ಇನ್ನು ಮುಂದೆ ಡಿಶ್ಶಿನ ಕೆಲಸ ಏನಿದ್ದರೂ ಚಾಮರಾಜನಗರದಿಂದ ಬೇರೆಯವರನ್ನು ಕರೆಸುತ್ತೇನೆ ಅಂದರು. ಸರಿ ಅಂದೆ.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತಾ ನಾನು ಆಚಾರಿಯನ್ನು ಕೇಳಿದೆ, ಕ್ಷಮಿಸುತ್ತೀಯಾ ಅಣ್ಣ ಅಂತ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ನೀ ತೂತು ಮಾಡಿದ್ದು ಬುಡು. ಟೀ ಅಂಗಡೀಲಿ ನನ್ ಮೂಗು ಓಯ್ತು ಅಂತ ಏಳ್ದಾಗ ಎಂಗ್ ಕುಂತಿದ್ದೆ ನೀನು?"

ಅಷ್ಟೇ ಕೇಳಿದ್ದು. ಬಸ್ಸು ಬಂತು, ಹತ್ತಿದರು.

ಶೆಡ್ಡು ಖಾಲಿ ಮಾಡಲಿಲ್ಲ. ಈಗ ಬಾಗಿಲು, ಕಿಟಕಿಯ ಕೆಲಸ ಮತ್ತೆ ಒಪ್ಪುತ್ತಿದ್ದಾರೆ. ಹನೂರಿನ ಆ ಮನೆ ಕೈಬಿಟ್ಟು ಹೋಗಿತ್ತು, ಬೇರೆ ಮೂರು ಮನೆ ಸಿಕ್ಕಿವೆ. ವಾಸನೆ ಪೂರ್ತಿ ಬಂದಿಲ್ಲವಂತೆ, ಆದರೆ ತಟ್ಟಿ ನೋಡಿದರೆ ತಿಳಿಯುತ್ತದೆ ಅನ್ನುತ್ತಾರೆ ಅಂತ ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು ನನಗೆ ಗೊತ್ತಾಯಿತು. ನನ್ನ ಹೆಂಡತಿಗೂ ಈಗ ಎಲ್ಲ ಗೊತ್ತು. ಎದುರಿಗೆ ಸಿಕ್ಕಿದರೆ ಆಚಾರಿ ಮಾತಾಡುತ್ತಾರೆ. ಊಟ ಆಯ್ತಾ, ಮಳೆ ಬಂತಾ, ಅಷ್ಟು. ಹತ್ತು ಗಂಟೆಗೆ ಟೀ ಅಂಗಡಿಗೆ ಅವರು ಹೋಗುವುದು ನನ್ನ ಅಂಗಡಿಯ ಮುಂದಿನಿಂದಲೇ. ಮೊದಲು ಕೂಗಿ ಕರೆಯುತ್ತಿದ್ದರು. ಈಗ ನಾನು ಅವರು ಕುಡಿದು ವಾಪಸು ಬರುವವರೆಗೆ ತಡೆದು, ಆಮೇಲೆ ಹೋಗುತ್ತೇನೆ.

ಹೋದ ತಿಂಗಳು ಅವರ ಮನೆಯ ಟೀವಿ ಕೆಟ್ಟಿತ್ತಂತೆ. ಅವರು ಬೇರೆಯವನನ್ನು ಕರೆಸಿ ಮಾಡಿಸಿಕೊಂಡರು. ಅವನು ಕೆಲಸ ಮುಗಿಸಿ ಹೋಗುವಾಗ ನನ್ನ ಅಂಗಡಿಗೆ ಬಂದು, ಅಲ್ಲಿ ನೀವು ಕೂರಿಸಿದ ಡಿಶ್ ಬಹಳ ಚೆನ್ನಾಗಿ ಕೂತಿದೆ, ಅಲ್ಲಾಡಿಸಲೂ ಆಗಲಿಲ್ಲ ಅಂತ ಹೇಳಿದ. ಹೂಂ ಅಂದು, ಕೈಯಲ್ಲಿದ್ದ ಕೇಬಲ್ ಸುತ್ತುವ ಕೆಲಸ ಮುಂದುವರಿಸಿದೆ.